ಕರೆಂಟಿಗೂ ಬೇಕು ಒಂದು ಕಾಲುವೆ: ಯಾವ ಪೈಪು ಎಲ್ಲಿಗೆ?

"ಪೈಪು ಯಾಕಣ್ಣ? ವೈರೇ ದಪ್ಪ ಅದ ಕನಾ. ಹಂಗೇ ಮಣ್ಣೊಳಕ್ಕ ಹೂತ್ಬುಡು, ಆಯ್ತದ."

ತಾಳವಾಡಿ ಬೆಟ್ಟಸೀಮೆಯಲ್ಲಿ ಹೊಸದಾಗಿ ಬೋರು ಕೊರೆಸಿದವರ ಹೊಲದಲ್ಲಿ, ಮನೆ ಕಟ್ಟಿಸುತ್ತಿರುವವರ ಜಗಲಿಯಲ್ಲಿ ಈ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಮೋಟಾರಿಗೆ ಸಾವಿರಗಟ್ಟಲೆ ಸುರಿಯುವವರು, ಒಳ್ಳೆ ಕಂಪನಿಯ ವೈರೇ ಬೇಕೆಂದು ಹಟ ಹಿಡಿಯುವವರು ಕೂಡ ಆ ವೈರು ಓಡಾಡುವ ಪೈಪಿನ ಮಾತು ಬಂದ ಕೂಡಲೇ ಕೈ ಬಿಗಿ ಹಿಡಿಯುತ್ತಾರೆ. ಅಂಗಡಿಯವರು ಕೊಟ್ಟಿದ್ದು, ಕೆಲಸದವರು ತಂದಿದ್ದು, ಕೊಟ್ಟಿಗೆ ಮೂಲೆಯಲ್ಲಿ ಮಿಕ್ಕಿದ್ದು, ಯಾವುದಾದರೂ ನಡೆಯುತ್ತದೆ ಎಂಬ ಭಾವನೆ.

ಹೀಗೆ ಅಂದುಕೊಂಡವರಲ್ಲಿ ನಾವೂ ಒಬ್ಬರು. ಕೆಲವು ವರ್ಷಗಳ ಹಿಂದೆ ನಮ್ಮ ಹೊಲದ ಮೋಟಾರು ಶೆಡ್ಡಿಗೆ ವೈರು ಎಳೆಸಿದೆವು. ತಗಡಿನ ಶೆಡ್ಡು. ತಗಡಿಗೆ ತೂತು ಕೊರೆದು ವೈರನ್ನು ಹಾಗೇ ಒಳಕ್ಕೆ ನುಗ್ಗಿಸಿದ್ದರು. ಗಾಳಿಗೆ ತಗಡು ಅಲ್ಲಾಡುತ್ತಿತ್ತು, ಅದರ ಅಂಚು ದಿನಕ್ಕಿಷ್ಟು ವೈರಿನ ಮೈ ಕೆರೆಯುತ್ತಿತ್ತು. ಚಿತ್ತೆ ಮಳೆಯ ಒಂದು ಬೆಳಗ್ಗೆ ಶೆಡ್ಡಿನ ಕಂಬಕ್ಕೆ ಕಟ್ಟಿದ್ದ ಎತ್ತು ನಿಂತಲ್ಲೇ ಕುಸಿಯಿತು. ಫ್ಯೂಸು ಹೋಗಿರಲಿಲ್ಲ. ಹೋಗುವಷ್ಟು ಕರೆಂಟು ಹರಿದಿರಲೂ ಇಲ್ಲ. ಆದರೆ ಎತ್ತಿನ ಪ್ರಾಣಕ್ಕೆ ಅಷ್ಟು ಸಾಕಾಗಿತ್ತು. ತಗಡಿನ ಆ ತೂತಿಗೆ ಒಂದಡಿ ಪೈಪು ತೂರಿಸಿ, ಶೆಡ್ಡಿಗೆ ಒಂದು ಅರ್ಥ್ ಕೊಟ್ಟಿದ್ದರೆ ಆ ಎತ್ತು ಇನ್ನೂ ನಾಲ್ಕು ಮುಂಗಾರು ಉಳುತ್ತಿತ್ತು. ಆ ಕಂಬ ಹಿಡಿದುಕೊಂಡೇ ನಮ್ಮ ಮಕ್ಕಳು ಶೆಡ್ಡಿಗೆ ಹತ್ತಿ ಇಳಿಯುತ್ತಿದ್ದರು ಎಂಬುದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ಆದ್ದರಿಂದ ಈ ಸಲ ಪೈಪಿನ ಮಾತು. ನಮ್ಮ ಸೀಮೆಯ ಅನುಕೂಲವೂ ತೊಡಕೂ ಒಂದೇ. ನಾವು ಇರುವುದು ಈರೋಡ್ ಜಿಲ್ಲೆ. 2016ರಿಂದ ತಾಳವಾಡಿಯೇ ಒಂದು ತಾಲೂಕು. ಸಾಮಾನು ತರುವುದು ಒಮ್ಮೆ ಚಾಮರಾಜನಗರದಿಂದ, ಒಮ್ಮೆ ಘಾಟಿ ಇಳಿದು ಸತ್ಯಮಂಗಲದಿಂದ. ಅಲ್ಲಿ ಒಂದು ಹೆಸರು, ಇಲ್ಲಿ ಇನ್ನೊಂದು ಹೆಸರು. ನಾವು ಕೊಳಾಯಿ ಎಂದರೆ ಅವರು ಕುಳಾಯ್ ಎನ್ನುತ್ತಾರೆ. ಒಬ್ಬರು ಕಾಂಡ್ಯೂಟ್ ಎಂದರೆ ಇನ್ನೊಬ್ಬರು ವೈರಿಂಗ್ ಪೈಪು ಎನ್ನುತ್ತಾರೆ. ಭಾಷೆ ಯಾವುದಾದರೂ ಇರಲಿ, ಪೈಪಿನ ಮೈಮೇಲೆ ಅಚ್ಚಾಗಿರುವ ಐಎಸ್ಐ ಗುರುತು ಎರಡೂ ರಾಜ್ಯಕ್ಕೆ ಒಂದೇ. ಅದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಪೈಪು ಮಾಡುವ ಕೆಲಸ

ನಮ್ಮ ಪಕ್ಕದ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಆ ಹಳೆಯ ಕಾಲದಲ್ಲಿ ವೈರು ಓಡುತ್ತಿದ್ದುದು ಮರದ ಪಟ್ಟಿಯ ಒಳಗೆ ಅಥವಾ ಪಟ್ಟಿಯ ಮೇಲೆ. ಹಂಚಿನ ಮನೆಗಳಲ್ಲಿ ತೇಗದ ರೀಪಿನ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಎಳೆದ ವೈರು ಇಂದಿಗೂ ಕಾಣಸಿಗುತ್ತದೆ. ಪಶ್ಚಿಮದ ದೇಶಗಳಲ್ಲಿ ಮೊದಮೊದಲು ಗ್ಯಾಸ್ ದೀಪಕ್ಕೆಂದು ಮನೆಯೊಳಗೆ ಹಾಕಿದ್ದ ಕಬ್ಬಿಣದ ಪೈಪುಗಳೊಳಗೇ ವೈರು ತೂರಿಸಿದ್ದುಂಟು. ಕಾಂಡ್ಯೂಟ್ ಪೈಪು ಹುಟ್ಟಿದ ದಾರಿ ಇದು. ಆಮೇಲೆ ಕಬ್ಬಿಣದ ಪೈಪು ವೈರಿಗೆಂದೇ ತಯಾರಾಯಿತು, ಅದರ ಹಿಂದೆ ಪಿವಿಸಿ ಬಂತು.

ಪೈಪಿನ ಕೆಲಸ ನಾಲ್ಕು. ಒಂದು, ಹೊಡೆತ, ಮೊಳೆ, ಗುದ್ದಲಿ, ಇಲಿ ಹಲ್ಲು ಇವುಗಳಿಂದ ವೈರನ್ನು ಕಾಯುವುದು. ಎರಡು, ತೇವ ಮತ್ತು ಬಿಸಿಲನ್ನು ತಡೆಯುವುದು. ಮೂರು, ಒಳಗೆ ವೈರು ಸುಟ್ಟರೂ ಬೆಂಕಿ ಹೊರಕ್ಕೆ ಹಬ್ಬದಂತೆ ನೋಡಿಕೊಳ್ಳುವುದು. ನಾಲ್ಕನೆಯದನ್ನು ಹಲವರು ಮರೆಯುತ್ತಾರೆ: ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಗೋಡೆ ಒಡೆಯದೆ ಹಳೆ ವೈರು ಎಳೆದು ಹೊಸ ವೈರು ತೂರಿಸಲು ದಾರಿ ಬಿಡುವುದು. ಗಾರೆಯೊಳಗೆ ಬರಿ ವೈರು ಹೂತವರಿಗೆ ಈ ದಾರಿ ಇಲ್ಲ. ಅವರು ಗೋಡೆಯನ್ನೇ ಒಡೆಯಬೇಕು.

ಪಿವಿಸಿ: ಒಂದೇ ಬಣ್ಣ, ಮೂರು ದರ್ಜೆ

ಇಂದು ಮನೆಗಳಲ್ಲಿ ನೂರಕ್ಕೆ ತೊಂಬತ್ತು ಪಾಲು ಪಿವಿಸಿಯೇ ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ತುಕ್ಕು ಹಿಡಿಯುವುದಿಲ್ಲ, ಗರಗಸದಲ್ಲಿ ಕೊಯ್ದು ಸೊಲ್ಯೂಷನ್ ಹಚ್ಚಿದರೆ ಜೋಡಣೆ ಮುಗಿಯಿತು, ತೂಕವೂ ಇಲ್ಲ. ಮೂರು ಮೀಟರಿನ ಉದ್ದ. 16, 20, 25, 32, 40, 50 ಮಿ.ಮೀ. ಅಳತೆ. ಈ ಅಳತೆ ಪೈಪಿನ ಹೊರಮೈಯದು ಎಂಬುದು ನೆನಪಿರಲಿ. ನೀರಿನ ಪೈಪಿನಂತೆ ಇಂಚಿನ ಲೆಕ್ಕ ಹಾಕಿದರೆ ಬೆಂಡು, ಬಾಕ್ಸು ಕೂರುವುದಿಲ್ಲ.

ಇದರಲ್ಲಿ ಲೈಟ್, ಮೀಡಿಯಂ, ಹೆವಿ ಎಂದು ಮೂರು ದರ್ಜೆ. ಪೈಪಿನ ಮೇಲೆ ಎಲ್‌ಎಂಎಸ್, ಎಂಎಂಎಸ್, ಎಚ್‌ಎಂಎಸ್ ಎಂದು ಅಚ್ಚಾಗಿರುತ್ತದೆ. ಐಎಸ್ 9537ರ ಮೂರನೇ ಭಾಗದ ಪರೀಕ್ಷೆಯಲ್ಲಿ ಐದು ಸೆಂಟಿಮೀಟರ್ ಉದ್ದದ ತುಂಡನ್ನು ಅಮುಕಿ ನೋಡುತ್ತಾರೆ. ಲೈಟ್ 320 ನ್ಯೂಟನ್, ಮೀಡಿಯಂ 750, ಹೆವಿ 1250 ನ್ಯೂಟನ್ ಭಾರ ತಾಳಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಲೈಟ್ ಪೈಪಿನ ಆ ಚಿಕ್ಕ ತುಂಡಿನ ಮೇಲೆ ಸುಮಾರು 32 ಕಿಲೋ; ಐವತ್ತು ಕಿಲೋ ಆಲೂಗಡ್ಡೆ ಮೂಟೆ ಇಟ್ಟರೆ ಅದು ಸೋಲುತ್ತದೆ. ಮೀಡಿಯಂ ಒಂದೂವರೆ ಮೂಟೆ ತಾಳುತ್ತದೆ. ಹೆವಿ ಎರಡೂವರೆ ಮೂಟೆ.

ಹಾಗಾದರೆ ಯಾವುದು ಎಲ್ಲಿಗೆ? ಕೈಗೆಟುಕದ ಎತ್ತರದಲ್ಲಿ, ಗೋಡೆಯ ಮೇಲೆ ಸ್ಯಾಡಲ್ ಹೊಡೆದು ಓಡಿಸುವ ಒಣ ಜಾಗಕ್ಕೆ ಲೈಟ್ ಸಾಕು. ಗೋಡೆಯೊಳಗೆ ಗಾಡಿ ಹೊಡೆದು ಮುಚ್ಚುವುದಕ್ಕೆ ಮೀಡಿಯಂ. (ಗಾಡಿ ಎಂದರೆ ಎತ್ತಿನಗಾಡಿಯಲ್ಲ, ಗೋಡೆಯಲ್ಲಿ ಕೊರೆಯುವ ಕಾಲುವೆ.) ಆರ್‌ಸಿಸಿ ತಾರಸಿಯೊಳಗೆ ಹಾಕುವುದಾದರೆ ಮೀಡಿಯಮ್ಮಿಗಿಂತ ಕೆಳಗೆ ಇಳಿಯಬಾರದು, ಹೆವಿ ಇದ್ದರೆ ನೆಮ್ಮದಿ. ತಾರಸಿ ಹಾಕುವ ದಿನ ಕಂಬಿಯ ಮೇಲೆ ನಡೆದಾಡುವವರು, ಜಲ್ಲಿ ಬಾಣಲಿ ಸುರಿಯುವವರು, ವೈಬ್ರೇಟರ್ ಆಡಿಸುವವರು, ಇವರೆಲ್ಲರ ತುಳಿತ ತಿನ್ನುವುದು ಈ ಪೈಪೇ. ಅಂದು ಚಪ್ಪಟೆಯಾದ ಪೈಪನ್ನು ಕಾಂಕ್ರೀಟು ಗಟ್ಟಿಯಾದ ಮೇಲೆ ಯಾರೂ ಸರಿ ಮಾಡಲಾರರು. ಪೈಪನ್ನು ಕಂಬಿಗೆ ಕಟ್ಟು ತಂತಿಯಿಂದ ಬಿಗಿದು, ಬಾಯಿಗೆ ಗೋಣಿ ತುಂಡು ತುರುಕಿ, ಒಳಗೊಂದು ಜಿಐ ತಂತಿ ಬಿಟ್ಟಿರಬೇಕು. ಮುಂದೆ ವೈರು ಎಳೆಯುವುದಕ್ಕೆ ಆ ತಂತಿಯೇ ಹಗ್ಗ.

ಗಾಡಿ ಹೊಡೆಯುವುದಕ್ಕೂ ಮಿತಿ ಇದೆ. ಮೇಲಿಂದ ಕೆಳಕ್ಕೆ ಕೊರೆಯುವಾಗ ಗೋಡೆ ದಪ್ಪದ ಮೂರರಲ್ಲೊಂದು ಪಾಲು, ಅಡ್ಡಕ್ಕೆ ಕೊರೆಯುವಾಗ ಆರರಲ್ಲೊಂದು ಪಾಲು ಮೀರಬಾರದು. ಒಂಬತ್ತಿಂಚಿನ ಗೋಡೆಗೆ ಅಡ್ಡ ಗಾಡಿ ಒಂದೂವರೆ ಇಂಚು. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಆ ಲೆಕ್ಕಕ್ಕೆ ಮುಕ್ಕಾಲಿಂಚು ಸಿಗುತ್ತದೆ; 20 ಮಿ.ಮೀ. ಪೈಪಿಟ್ಟರೆ ಗಾರೆಗೆ ಜಾಗವೇ ಇಲ್ಲ. ಅಂಥ ಗೋಡೆಯಲ್ಲಿ ಅಡ್ಡಕ್ಕೆ ಕೊರೆಯಬೇಡಿ, ಮೇಲಿನಿಂದ ಇಳಿಸಿ. ಮಣ್ಣಿನ ಗೋಡೆಯ ಹಳೆ ಮನೆಗೆ ಗಾಡಿಯ ಆಸೆಯೇ ಬೇಡ. ಕಂಬ, ತೊಲೆಗಳನ್ನಂತೂ ಮುಟ್ಟಲೇಬಾರದು.

ಪಿವಿಸಿಯ ವೈರಿ ಎರಡು: ಬಿಸಿಲು ಮತ್ತು ಬೆಂಕಿ. ಬಯಲಲ್ಲಿ ಬಿಳಿ ಪೈಪು ವರ್ಷ ಕಳೆದಂತೆ ಸುಣ್ಣದಂತೆ ಪುಡಿ ಬಿಟ್ಟು ಪೆಡಸಾಗುತ್ತದೆ. ಬಿಸಿಗೆ ಉದ್ದವೂ ಆಗುತ್ತದೆ: ಮೂರು ಮೀಟರಿನ ಪೈಪು ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 30 ಡಿಗ್ರಿ ಅಂತರ ಬಂದರೆ ಆರು ಮಿ.ಮೀ. ಹಿಗ್ಗುತ್ತದೆ. ಅದಕ್ಕೇ ಪಿವಿಸಿಗೆ ಅರವತ್ತು ಸೆಂಟಿಮೀಟರಿಗೊಂದು ಸ್ಯಾಡಲ್ ಬೇಕು; ಇಲ್ಲದಿದ್ದರೆ ಹಾವಿನಂತೆ ಬಳುಕಿ ನಿಲ್ಲುತ್ತದೆ. ಇನ್ನು ಸೌದೆ ಒಲೆಯ ಮೇಲೆ, ಬಚ್ಚಲ ಹಂಡೆಯ ಪಕ್ಕ ಪಿವಿಸಿ ಓಡಿಸುವುದು ತಪ್ಪು. 60 ಡಿಗ್ರಿ ದಾಟಿದರೆ ಅದು ಮೆತ್ತಗಾಗಿ ಜೋತುಬೀಳಲು ಶುರು.

ಕೊಟ್ಟಿಗೆಯಲ್ಲಿ ಮಿಕ್ಕ ನೀರಿನ ಪೈಪು ನಡೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅದು ನೀರಿನ ಒತ್ತಡಕ್ಕೆ ಮಾಡಿದ್ದು. ಬೆಂಕಿ ತಗುಲಿ ತೆಗೆದ ಕೂಡಲೇ ತಾನೇ ಆರಬೇಕೆಂಬ ಪರೀಕ್ಷೆ ಕಾಂಡ್ಯೂಟ್ ಪೈಪಿಗೆ ಉಂಟು, ನೀರಿನ ಪೈಪಿಗೆ ಇಲ್ಲ. ಅದರ ಮೊಣಕೈ ತಿರುವು ಕೂಡ ಚೂಪು. ವೈರು ಎಳೆದರೆ ಮೈ ಸುಲಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ನಾಳೆ ಗುದ್ದಲಿ ಹಿಡಿದವನಿಗೆ ಇದು ನೀರೋ ಕರೆಂಟೋ ಗೊತ್ತಾಗುವುದು ಹೇಗೆ?

ಕಬ್ಬಿಣ ಬೇಕಾದಲ್ಲಿ ಕಬ್ಬಿಣವೇ

"ಅದು ಹಳೇ ಕಾಲದ್ದು, ಈಗ್ಯಾರ್ ಹಾಕ್ತಾರಣ್ಣ" ಎನ್ನುವವರುಂಟು. ಮನೆಗೆ ಬೇಡದಿರಬಹುದು. ಆದರೆ ರಾಗಿ ಮಿಲ್ಲು, ಎಣ್ಣೆ ಗಾಣ, ಆಲೆಮನೆ, ಅರಿಸಿನ ಬೇಯಿಸುವ ಕಡೆ, ಮೂಟೆ ಎತ್ತಿಳಿಸುವ ಮಂಡಿ ಗೋದಾಮು, ವೆಲ್ಡಿಂಗ್ ಶೆಡ್ಡು ಇಂಥ ಕಡೆ ಕಬ್ಬಿಣದ ಕಾಂಡ್ಯೂಟಿಗೆ ಸಾಟಿಯಿಲ್ಲ. ಕೈಗಾಡಿ ಗುದ್ದಿದರೂ ಬಗ್ಗದು, ಆಲೆಯ ಕಾವಿಗೆ ಕರಗದು, ಇಲಿ ಕಡಿಯದು. ಕಪ್ಪು ಎನಾಮಲ್ ಬಳಿದದ್ದು ಒಣ ಜಾಗಕ್ಕೆ, ಜಿಐ ಎಂದರೆ ಸತು ಲೇಪದ್ದು ತೇವದ ಜಾಗಕ್ಕೆ. 32 ಮಿ.ಮೀ. ವರೆಗೆ 16 ಗೇಜು, ಅದಕ್ಕಿಂತ ದೊಡ್ಡದಕ್ಕೆ 14 ಗೇಜು ಇರಬೇಕೆಂಬುದು ಕೆಲಸದ ವಾಡಿಕೆ. ಇದಕ್ಕೆ ಮೀಟರಿಗೊಂದು ಸ್ಯಾಡಲ್ ಸಾಕು; ಆದರೆ ಬೆಂಡು, ಕಪ್ಲರ್ ಇರುವ ಕಡೆ ಎರಡೂ ಪಕ್ಕ ಒಂದಡಿಯೊಳಗೆ ಒಂದೊಂದು ಬೇಕು.

ಕಬ್ಬಿಣದ ಪೈಪಿನಲ್ಲಿ ಮೂರು ಎಚ್ಚರ. ಕೊಯ್ದ ಬಾಯಿಯ ಮುಳ್ಳನ್ನು ಅರದಿಂದ ಉಜ್ಜಿ, ಬುಷ್ ಹಾಕಬೇಕು; ಇಲ್ಲದಿದ್ದರೆ ಕಾಯಬೇಕಾದ ಪೈಪೇ ವೈರನ್ನು ಕೊಯ್ಯುತ್ತದೆ. ಎರಡನೆಯದು, ತ್ರೀ ಫೇಸಿನ ಮೂರು ವೈರನ್ನೂ ಒಂದೇ ಪೈಪಿನಲ್ಲಿ ಎಳೆಯಬೇಕು. ಸಿಂಗಲ್ ಫೇಸಾದರೆ ಫೇಸೂ ನ್ಯೂಟ್ರಲ್ಲೂ ಜೊತೆಗೇ. ಒಂದೊಂದು ಫೇಸಿಗೆ ಒಂದೊಂದು ಕಬ್ಬಿಣದ ಪೈಪು ಕೊಟ್ಟರೆ ವೈರಿನ ಸುತ್ತ ಹುಟ್ಟುವ ಕಾಂತಶಕ್ತಿ ಪೈಪನ್ನೇ ಬಿಸಿ ಮಾಡುತ್ತದೆ. ಜೊತೆಗಿದ್ದರೆ ಒಂದರದನ್ನು ಇನ್ನೊಂದು ಕಳೆಯುತ್ತದೆ. ಮೂರನೆಯದು ಬೆಟ್ಟದ ಮೇಲಿನವರಿಗೇ ವಿಶೇಷ: ಮಂಜು ಬೀಳುವ ಕಾಲದಲ್ಲಿ ಕಬ್ಬಿಣದ ಪೈಪಿನ ಒಳಗೋಡೆ ಬೆವರುತ್ತದೆ. ಪೈಪು ತೊಟ್ಟಿಲಿನಂತೆ ನಡುವೆ ಇಳಿದು ಮೇಲೆದ್ದರೆ ಆ ನೀರು ತಗ್ಗಿನಲ್ಲಿ ನಿಲ್ಲುತ್ತದೆ. ಒಂದೇ ಕಡೆಗೆ ಇಳಿಜಾರು ಕೊಡಿ, ತಗ್ಗಿನ ಬಾಕ್ಸಿನಲ್ಲಿ ನೀರು ಇಳಿಯಲು ಸಣ್ಣ ತೂತಿರಲಿ.

ಒಂದು ಜಾಗಕ್ಕೆ ಮಾತ್ರ ಕಬ್ಬಿಣ ಬೇಡ: ದನದ ಕೊಟ್ಟಿಗೆ. ಗಂಜಲದ ಆವಿಗೆ ಜಿಐ ಕೂಡ ಬೇಗ ತುಕ್ಕು ಹಿಡಿಯುತ್ತದೆ. ಮನುಷ್ಯನಿಗೆ ಗೊತ್ತೇ ಆಗದಷ್ಟು ಸಣ್ಣ ಸೋರಿಕೆ ಕರೆಂಟಿಗೂ ಹಸು ಬೆಚ್ಚುತ್ತದೆ, ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿ ನಿಂತ ಜೀವ ಅದು. ಅಲ್ಲಿಗೆ ಹೆವಿ ಪಿವಿಸಿ, ಕೊಂಬು ಎಟುಕದ ಎತ್ತರದಲ್ಲಿ; ಸ್ವಿಚ್ಚು ಕೊಟ್ಟಿಗೆಯ ಹೊರಗೆ.

ಬಳುಕುವ ಪೈಪು, ಪಟ್ಟಿ ಪೈಪು

ಮೋಟಾರು ಓಡುವಾಗ ನಡುಗುತ್ತದೆ. ಗಟ್ಟಿ ಪೈಪನ್ನು ನೇರ ಮೋಟಾರಿಗೆ ತಂದು ಬಿಗಿದರೆ ಒಂದೋ ಜೋಡಣೆ ಸಡಿಲವಾಗುತ್ತದೆ, ಇಲ್ಲವೇ ಪೈಪು ಸೀಳುತ್ತದೆ. ಆದ್ದರಿಂದ ಕೊನೆಯ ಎರಡು ಮೂರು ಅಡಿಗೆ ಫ್ಲೆಕ್ಸಿಬಲ್ ಪೈಪು. ಹಿಟ್ಟಿನ ಮಿಲ್ಲಿನಂತೆ ಧೂಳು, ಎಣ್ಣೆ ಇರುವ ಕಡೆ ಪಿವಿಸಿ ಹೊದಿಕೆಯ ಜಿಐ ಫ್ಲೆಕ್ಸಿಬಲ್, ಎರಡೂ ತುದಿಗೆ ಗ್ಲ್ಯಾಂಡ್ ಹಾಕಿ. ಸುರುಳಿ ಸುರುಳಿಯಾದ ಪಿವಿಸಿ ಫ್ಲೆಕ್ಸಿಬಲ್ ಒಣ ಜಾಗದ ಸಣ್ಣ ಯಂತ್ರಕ್ಕೆ, ಫಾಲ್ಸ್ ಸೀಲಿಂಗಿನ ದೀಪಕ್ಕೆ. ಸುಲಭವಾಗಿ ಬಗ್ಗುತ್ತದೆ ಎಂದು ಅದನ್ನೇ ಇಡೀ ಮನೆಗೆ ಗೋಡೆಯೊಳಗೆ ಹಾಕುವವರಿದ್ದಾರೆ. ಬಗ್ಗಿದ್ದೆಲ್ಲ ಸುಲಭವಲ್ಲ, ಒಳಗಿನ ಏರಿಳಿತಕ್ಕೆ ಸಿಕ್ಕಿ ಮುಂದೆ ಒಂದು ವೈರನ್ನೂ ಬದಲಿಸಲಾಗದು. ಕಬ್ಬಿಣದ ಫ್ಲೆಕ್ಸಿಬಲ್ಲನ್ನು ಅರ್ಥ್ ಎಂದು ನಂಬುವುದೂ ತಪ್ಪು. ಜೊತೆಗೆ ಹಸಿರು ವೈರು ಓಡಲೇಬೇಕು.

ಬೀದಿ ಬದಿಯ ಅಂಗಡಿಯವರಿಗೆ, ಬಾಡಿಗೆ ಮಳಿಗೆಯವರಿಗೆ ಪಿವಿಸಿ ಪಟ್ಟಿ, ಅಂದರೆ ಕೇಸಿಂಗ್ ಕ್ಯಾಪಿಂಗ್ ಒಳ್ಳೆಯದು. ಗೋಡೆ ಒಡೆಯಬೇಕಿಲ್ಲ, ಮುಚ್ಚಳ ತೆಗೆದರೆ ವೈರು ಕಣ್ಣಿಗೆ ಕಾಣುತ್ತದೆ. ಆದರೆ ಅದು ಒಣ ಜಾಗಕ್ಕೆ ಮಾತ್ರ. ಟೀ ಅಂಗಡಿಯ ಒಲೆ ಮಗ್ಗುಲಿಗೂ ಬೇಡ, ಮಳೆ ಎರಚಲು ಬಡಿಯುವ ಮುಂಗಟ್ಟಿಗೂ ಬೇಡ.

ಮಣ್ಣಿನಡಿಯ ದಾರಿ

ನಮ್ಮ ರೈತರಿಗೆ ಮುಖ್ಯವಾದದ್ದು ಇದೇ. ಮೀಟರು ಒಂದು ಕಡೆ, ಬೋರು ಇನ್ನೊಂದು ಕಡೆ. ನಡುವೆ ಕೋಸು, ಬೀಟ್‌ರೂಟು, ಬಾಳೆ. ನೇಗಿಲು, ಟಿಲ್ಲರು, ಕಾಡುಹಂದಿಯ ಮೂತಿ ಎಲ್ಲವೂ ಇದೇ ಮಣ್ಣನ್ನು ಕೆದಕುತ್ತವೆ.

ಮೊದಲ ಪಾಠ: ಮನೆಯೊಳಗಿನ ಒಂಟಿ ವೈರು ಪೈಪಿನೊಳಗಿದ್ದರೂ ಮಣ್ಣಿನಡಿಗೆ ಸಲ್ಲದು. ಎಷ್ಟೇ ಗಟ್ಟಿ ಜೋಡಿಸಿದರೂ ನೆಲದಡಿಯ ಪೈಪಿನೊಳಕ್ಕೆ ಒಂದಲ್ಲ ಒಂದು ದಿನ ನೀರು ಸೇರುತ್ತದೆ. ನೀರಿನಲ್ಲಿ ವರ್ಷಗಟ್ಟಲೆ ನೆನೆಯಲು ಆ ವೈರು ಮಾಡಿದ್ದಲ್ಲ. ಮಣ್ಣಿನಡಿಗೆ ಬೇಕಾದದ್ದು ಮೇಲು ಹೊದಿಕೆಯಿರುವ ಕೇಬಲ್. ನೇಗಿಲು ಹೋಗುವ ಹೊಲವಾದರೆ ಒಳಗೆ ಕಬ್ಬಿಣದ ಪಟ್ಟಿ ಸುತ್ತಿದ ಆರ್ಮರ್ಡ್ ಕೇಬಲ್.

ಎರಡನೆಯದು ಆಳ. ಒಂದು ಗೇಣು ತೋಡಿ ಮುಚ್ಚುವುದು ನಮ್ಮ ರೂಢಿ. ನಿಯಮದ ಆಳ 75 ಸೆಂಟಿಮೀಟರ್, ಅಂದರೆ ಎರಡೂವರೆ ಅಡಿ. ರಸ್ತೆ ದಾಟುವಲ್ಲಿ ಒಂದು ಮೀಟರ್. ಕೆಳಗೆ ಮರಳು, ಕೇಬಲ್ಲು, ಮತ್ತೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು, ಆಮೇಲೆ ಮಣ್ಣು. ಮುಂದೊಂದು ದಿನ ಗುದ್ದಲಿ ಮೊದಲು ಇಟ್ಟಿಗೆಗೆ ತಗುಲಬೇಕು, ಕೇಬಲ್ಲಿಗಲ್ಲ. ಕೊನೆಗೆ ಗೆರೆಯುದ್ದಕ್ಕೂ ಅಲ್ಲಲ್ಲಿ ಗುರುತಿನ ಕಲ್ಲು ನೆಡಿ. ಮಗನಿಗೆ ಗೊತ್ತಿದೆ ಎಂದರೆ ಸಾಲದು. ಹೊಲ ಗುತ್ತಿಗೆ ಹಿಡಿದವನಿಗೆ ಗೊತ್ತಿರುವುದಿಲ್ಲ.

ಮೂರನೆಯದು ಪೈಪು. ಲಾರಿ, ಟ್ರ್ಯಾಕ್ಟರ್ ದಾಟುವ ದಾರಿಯಡಿ, ನೀರುಗಾಲುವೆಯಡಿ, ಅಂಗಳದ ಕಾಂಕ್ರೀಟಿನಡಿ ಕೇಬಲ್ಲಿಗೆ ಪೈಪು ಬೇಕೇ ಬೇಕು. ಈಗ ಇದಕ್ಕೆ ಹೆಚ್ಚಾಗಿ ಬಳಸುವುದು ಡಿಡಬ್ಲ್ಯುಸಿ: ಹೊರಗೆ ಏಣೇಣು, ಒಳಗೆ ನುಣುಪು ಇರುವ ಎರಡು ಪದರದ ಎಚ್‌ಡಿಪಿಇ ಪೈಪು. ಹೊರಗಿನ ಏಣು ಭಾರ ಹೊರುತ್ತದೆ, ಒಳಗಿನ ನುಣುಪಿನಲ್ಲಿ ಕೇಬಲ್ಲು ಜಾರುತ್ತದೆ. ಐಎಸ್ 14930 ಇದರ ಗುರುತು. ಭಾರಿ ಗಾಡಿ ಓಡುವಲ್ಲಿ ಜಿಐ ಅಥವಾ ಹ್ಯೂಮ್ ಪೈಪನ್ನೂ ಹಾಕುವುದುಂಟು. ಆದರೆ ಈ ಎಚ್‌ಡಿಪಿಇ ಹತ್ತಿಕೊಂಡರೆ ಉರಿಯುವ ವಸ್ತು. ಮಣ್ಣಿನಡಿ ಅದು ಚಿನ್ನ. ಮನೆಯೊಳಗೆ ಗೋಡೆ ಮೇಲೆ ಎಳೆಯಬಾರದು.

ಬೋರಿನ ಬಾಯಲ್ಲಿ, ಸ್ಟಾರ್ಟರ್ ಡಬ್ಬದ ಕೆಳಗೆ ಪೈಪಿನ ತುದಿಯನ್ನು ಪುಟ್ಟಿಯಿಂದ ಮುಚ್ಚಿ. ಇರುವೆ, ಹಲ್ಲಿ ಈ ದಾರಿಯಲ್ಲೇ ಡಬ್ಬಕ್ಕೆ ಹತ್ತಿ ಕಾಂಟ್ಯಾಕ್ಟರಿನ ನಡುವೆ ಸಾಯುತ್ತವೆ. ನಾವು ಮೋಟಾರು ಕೆಟ್ಟಿತೆಂದು ಮೆಕ್ಯಾನಿಕ್ಕನ್ನು ಕರೆಯುತ್ತೇವೆ. ಕಂಬದಿಂದ ಮನೆಗೆ ವೈರು ಇಳಿಯುವ ಪೈಪಿನ ಮೇಲ್ಬಾಯಿಯನ್ನು ಊರುಗೋಲಿನ ಹಿಡಿಯಂತೆ ಕೆಳಮುಖ ಮಾಡಿ. ಮಳೆ ನೀರಿಗೆ ಆಕಾಶ ನೋಡುವ ಪೈಪೆಂದರೆ ಬಲು ಪ್ರೀತಿ.

ದಿಂಬದ ತಿರುವು ಲಾರಿಗೆ ಸಾಕು

ಸತ್ಯಮಂಗಲದಿಂದ ದಿಂಬಂ ಘಾಟಿ ಹತ್ತುವ ಲಾರಿ 27 ಹೇರ್‌ಪಿನ್ ತಿರುವು ಸುತ್ತಬೇಕು. ಯಾವ ತಿರುವಿನಲ್ಲಿ ಸಿಕ್ಕಿಬೀಳುತ್ತದೋ ಹೇಳಲಾಗದು. ವೈರಿನ ಪಾಡೂ ಅದೇ. ಒಂದು ಬಾಕ್ಸಿನಿಂದ ಇನ್ನೊಂದು ಬಾಕ್ಸಿಗೆ ಎರಡು ಬೆಂಡಿಗಿಂತ ಹೆಚ್ಚು ಕೊಡಬೇಡಿ. ಮೂರನೆಯದು ಬೇಕಾದರೆ ನಡುವೆ ಒಂದು ಜಂಕ್ಷನ್ ಬಾಕ್ಸ್ ಹಾಕಿ. ಬೆಂಡಿನ ಸುತ್ತು ಏಳೂವರೆ ಸೆಂಟಿಮೀಟರಿಗಿಂತ ಕಿರಿದಾಗಬಾರದು.

ತುಂಬುವುದರಲ್ಲೂ ಆಸೆಬುರುಕತನ ಬೇಡ. ಪೈಪಿನೊಳಗಿನ ಜಾಗದಲ್ಲಿ ನೂರಕ್ಕೆ ನಲವತ್ತು ಪಾಲು ವೈರು, ಉಳಿದದ್ದು ಗಾಳಿ. 20 ಮಿ.ಮೀ. ಪೈಪಿನಲ್ಲಿ 2.5 ಚದರ ಮಿ.ಮೀ. ವೈರು ಐದು ಎಳೆದರೆ ನಿಲ್ಲಿಸಿ. ಇನ್ನೂ ನಾಲ್ಕು ನುಗ್ಗುತ್ತವೆ ನಿಜ. ಆದರೆ ಸಂತೆ ದಿನದ ಕೊನೆ ಬಸ್ಸಿನಂತೆ ಒಳಗೆ ಕಾವು ಏರುತ್ತದೆ, ವೈರು ಹೊರಬೇಕಾದ ಕರೆಂಟನ್ನು ಹೊರಲಾರದೆ ಮೈ ಬಿಸಿ ಮಾಡಿಕೊಳ್ಳುತ್ತದೆ. ಜಾಯಿಂಟು ಎಂದೂ ಪೈಪಿನೊಳಗೆ ಇರಬಾರದು, ಬಾಕ್ಸಿನೊಳಗೇ ಇರಬೇಕು. ಟೆಲಿಫೋನು, ಕೇಬಲ್ ಟಿವಿ, ಇಂಟರ್‌ನೆಟ್ ವೈರುಗಳನ್ನು ಕರೆಂಟು ಪೈಪಿನೊಳಗೆ ತೂರಿಸುವುದು ಪ್ರಾಣಕ್ಕೇ ಸಂಚಕಾರ.

ಬೇಲಿ ಮತ್ತು ಬಿಸಿಲು

2013ರಲ್ಲಿ ಸತ್ಯಮಂಗಲ ಹುಲಿ ರಕ್ಷಿತಾರಣ್ಯ ಘೋಷಣೆಯಾಯಿತು. ಆನೆ, ಹಂದಿ ಹೊಲಕ್ಕೆ ಬರುವುದು ಅದಕ್ಕೂ ಮುಂಚಿನಿಂದ ಇರುವ ಗೋಳು. ಬೆಳೆದ ಜೋಳ ಒಂದೇ ರಾತ್ರಿಯಲ್ಲಿ ಹೋದವನ ಸಂಕಟಕ್ಕೆ ಬುದ್ಧಿ ಹೇಳುವುದು ಸುಲಭವಲ್ಲ. ಆದರೂ ಹೇಳಲೇಬೇಕು: ಮೋಟಾರಿನ ಲೈನಿನಿಂದ ಬೇಲಿಗೆ ನೇರ ಕರೆಂಟು ಕೊಡುವುದು ಅಪರಾಧ. ಅದಕ್ಕೆ ಆನೆ ಬೇರೆಯಲ್ಲ, ಪಕ್ಕದ ಹೊಲದ ಅಜ್ಜಿ ಬೇರೆಯಲ್ಲ. ಸೋಲಾರ್ ಬೇಲಿಯ ಯಂತ್ರ ಕ್ಷಣಕ್ಕೊಮ್ಮೆ ಸಣ್ಣ ಹೊಡೆತ ಕೊಟ್ಟು ಬಿಡುತ್ತದೆ, ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ. ಆ ಹೊಡೆತ ಸಾವಿರಾರು ವೋಲ್ಟಿನದು. ಆದ್ದರಿಂದ ಯಂತ್ರದಿಂದ ಬೇಲಿಗೆ ಹೋಗುವ ವೈರು 1100 ವೋಲ್ಟಿನ ಮನೆ ವೈರಾಗಬಾರದು, ಬೇಲಿಗೆಂದೇ ಮಾಡಿದ ದಪ್ಪ ಹೊದಿಕೆಯ ವೈರು ಬೇಕು. ಗೇಟಿನಡಿ ದಾಟಿಸುವಾಗ ಅದಕ್ಕೆ ಪ್ರತ್ಯೇಕ ಪೈಪು. ಮನೆ ಕರೆಂಟಿನ ಪೈಪಿನ ಸಂಗಡ ಸೇರಿಸಲೇಬೇಡಿ.

2019ರಲ್ಲಿ ಪಿಎಂ ಕುಸುಮ್ ಯೋಜನೆ ಬಂದ ಮೇಲೆ ಸೋಲಾರ್ ಪಂಪಿನ ಮಾತೂ ಹೆಚ್ಚಿದೆ. ಫಲಕದಿಂದ ಇಳಿಯುವ ಡಿಸಿ ವೈರು ಇಡೀ ದಿನ ಬಿಸಿಲಲ್ಲಿ ಒಣಗುತ್ತದೆ. ಅಲ್ಲಿಗೆ ಬಿಸಿಲು ತಾಳುವ ಕಪ್ಪು ಪೈಪು ಬೇಕು, ಮನೆಯ ಬಿಳಿ ಪಿವಿಸಿ ಬೇಡ. ಎಸಿ, ಡಿಸಿ ವೈರು ಒಂದೇ ಪೈಪಿನಲ್ಲಿ ಓಡಬಾರದು.

ಪೈಪು ಮಾಡದ ಕೆಲಸ

ಪಿವಿಸಿ ಪೈಪು ಅರ್ಥ್ ಕೊಡುವುದಿಲ್ಲ. ಹಿಂದೆ ಕಬ್ಬಿಣದ ಪೈಪನ್ನೇ ಅರ್ಥ್ ಎಂದು ನಂಬಿದ ಕಾಲವಿತ್ತು. ಒಂದು ಜಾಯಿಂಟು ತುಕ್ಕು ಹಿಡಿದರೆ ಆ ನಂಬಿಕೆ ಅಲ್ಲಿಗೇ ಕಡಿಯುತ್ತಿತ್ತು. ಪೈಪು ಯಾವುದೇ ಇರಲಿ, ಪ್ರತಿ ಲೈನಿನ ಜೊತೆ ಹಸಿರು ಅರ್ಥ್ ವೈರು ಓಡಲಿ. ತಗಡಿನ ಶೆಡ್ಡು, ಸ್ಟಾರ್ಟರ್ ಡಬ್ಬ, ಮೋಟಾರಿನ ಮೈ ಎಲ್ಲವೂ ಅದಕ್ಕೆ ಸೇರಲಿ. ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಫ್ಯೂಸು ಸುಮ್ಮನಿರುವ ಸಣ್ಣ ಸೋರಿಕೆಗೂ ಅದು ಟಕ್ಕನೆ ಬೀಳುತ್ತದೆ. ಕೆಲಸ ಮುಗಿದ ಮೇಲೆ 500 ವೋಲ್ಟಿನ ಮೆಗ್ಗರ್ ಹಚ್ಚಿ ನೋಡಲು ಹೇಳಿ. ಒಂದು ಮೆಗ್ ಓಮಿಗಿಂತ ಕಡಿಮೆ ತೋರಿಸಿದರೆ ಸೋರಿಕೆ ಇದೆ ಎಂದೇ ಅರ್ಥ; ಹುಡುಕಿ ತೆಗೆಯುವ ತನಕ ಕೂಲಿ ಲೆಕ್ಕ ಚುಕ್ತಾ ಮಾಡಬೇಡಿ. ಲೈಸೆನ್ಸ್ ಇರುವವರ ಕೈಯಲ್ಲೇ ಕೆಲಸ ಮಾಡಿಸಿ.

ತಮಿಳುನಾಡಿನಲ್ಲಿ 1990ರಿಂದ ಬೇಸಾಯದ ಮೋಟಾರಿಗೆ ಕರೆಂಟು ಪುಕ್ಕಟೆ. ಗಡಿಯಾಚೆ ಕರ್ನಾಟಕದಲ್ಲೂ 10 ಎಚ್‌ಪಿ ತನಕ ರೈತನಿಗೆ ಬಿಲ್ಲಿಲ್ಲ. ಬಿಲ್ಲು ಬಾರದ ಕರೆಂಟನ್ನು ನಾವು ಹಗುರಾಗಿ ಕಾಣುವುದಕ್ಕೆ ಇದೂ ಒಂದು ಕಾರಣವಿರಬಹುದು. ಪುಕ್ಕಟೆ ಕರೆಂಟೂ ದುಡ್ಡಿನ ಕರೆಂಟಿನಷ್ಟೇ ಜೋರಾಗಿ ಹೊಡೆಯುತ್ತದೆ.

ಚೀಟಿ ಬರೆದುಕೊಳ್ಳಿ

ತಾರಸಿಯೊಳಗೆ: ಮೀಡಿಯಂ ಅಥವಾ ಹೆವಿ ಪಿವಿಸಿ, ಡೀಪ್ ಬಾಕ್ಸ್.
ಇಟ್ಟಿಗೆ ಗೋಡೆಯೊಳಗೆ: ಮೀಡಿಯಂ ಪಿವಿಸಿ.
ಮಣ್ಣಿನ ಗೋಡೆ, ಹಂಚಿನ ಮನೆ: ಮೇಲೆ ಸ್ಯಾಡಲ್ ಹೊಡೆದ ಪಿವಿಸಿ, ಅಥವಾ ಪಟ್ಟಿ.
ಒಣ ಅಂಗಡಿ ಮಳಿಗೆ: ಪಿವಿಸಿ ಪಟ್ಟಿ.
ಒಲೆ, ಹಂಡೆ, ಆಲೆಮನೆ: ಕಬ್ಬಿಣ, ಅಥವಾ ದೂರದಿಂದ ಸುತ್ತಿಸಿ.
ಮಿಲ್ಲು, ಮಂಡಿ, ವೆಲ್ಡಿಂಗ್: ಕಬ್ಬಿಣ, ಮೋಟಾರಿನ ಕೊನೆ ಮೂರಡಿ ಫ್ಲೆಕ್ಸಿಬಲ್.
ದನದ ಕೊಟ್ಟಿಗೆ: ಹೆವಿ ಪಿವಿಸಿ, ಎತ್ತರದಲ್ಲಿ.
ಹೊಲದ ಮಣ್ಣಿನಡಿ: ಆರ್ಮರ್ಡ್ ಕೇಬಲ್, ಎರಡೂವರೆ ಅಡಿ ಆಳ, ದಾರಿ ದಾಟುವಲ್ಲಿ ಡಿಡಬ್ಲ್ಯುಸಿ ಅಥವಾ ಜಿಐ.
ತಗಡಿನ ತೂತು: ಎಷ್ಟೇ ಚಿಕ್ಕದಿರಲಿ, ಪೈಪು ಅಥವಾ ಬುಷ್.

ಅಂಗಡಿಗೆ ಹೋದಾಗ ಪೈಪನ್ನು ಕೈಯಲ್ಲಿ ತಿರುಗಿಸಿ ಅಚ್ಚು ಓದಿ. ಐಎಸ್ಐ ಗುರುತು, ಅದರ ಮೇಲೆ ಐಎಸ್ ನಂಬರು, ದರ್ಜೆ, ಅಳತೆ ಇರಬೇಕು. ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ಇದ್ದರೆ ಲೈಸೆನ್ಸ್ ನಂಬರು ಹಾಕಿ ಅಸಲೋ ನಕಲೋ ನಿಂತಲ್ಲೇ ನೋಡಬಹುದು. ಒಂದೂ ಅಚ್ಚಿಲ್ಲದ ಪೈಪಾದರೆ ಅಲ್ಲೇ ಬಿಟ್ಟು ಬನ್ನಿ.

ನಮ್ಮ ಶೆಡ್ಡಿನ ತಗಡಿಗೆ ಈಗ ಹೆವಿ ಪೈಪಿದೆ, ಕಂಬದ ಬುಡದಲ್ಲಿ ಅರ್ಥ್ ಗುಂಡಿ ಇದೆ. ಬೇಸಿಗೆಯಲ್ಲಿ ಆ ಗುಂಡಿಗೆ ಬಿಂದಿಗೆ ನೀರು ಹೊಯ್ಯುವುದು ಮನೆಯ ಕಿರಿಯನ ಕೆಲಸ. ಎತ್ತು ಕಟ್ಟುವ ಗೂಟವನ್ನು ಮಾತ್ರ ಹುಣಸೆ ಮರದಡಿಗೆ ಬದಲಿಸಿದ್ದೇವೆ. ಎಲ್ಲ ಸರಿ ಮಾಡಿಸಿದ ಮೇಲೂ ಆ ಕಂಬಕ್ಕೆ ಹಗ್ಗ ಸುತ್ತಲು ಯಾರ ಕೈಯೂ ಮುಂದಾಗಲಿಲ್ಲ.